ಅಮೆರಿಕದಲ್ಲಿ ಫ್ರೀಮೇಸನ್‌ಗಳ ಮೇಲೆ ಜನರಿಗೆ ಅಷ್ಟೊಂದು ಅನುಮಾನ ಯಾಕೆ ಬಂತು?

ಫ್ರೀಮೇಸನ್‌ಗಳು (ಮೇಸನ್‌ಗಳು) ಅಂದರೆ ಗುಟ್ಟಿನ ಆಚರಣೆಗಳಿರುವ ಒಂದು ಸೋದರಕೂಟದ ಸದಸ್ಯರು. ಅವರ ಮೇಲೆ ಅನುಮಾನ ಮೊದಲೇ ಇತ್ತು, ಜಾಸ್ತಿಯಾದದ್ದು ಒಬ್ಬ ಮನುಷ್ಯ ಕಾಣೆಯಾದ ಮೇಲೆ. 1826ರಲ್ಲಿ ನ್ಯೂಯಾರ್ಕ್ ರಾಜ್ಯದ ಬಟೇವಿಯಾ ಊರಿನ ವಿಲಿಯಂ ಮಾರ್ಗನ್, ಮೇಸನ್‌ಗಳ ಗುಟ್ಟುಗಳನ್ನೆಲ್ಲ ಪುಸ್ತಕ ಮಾಡಿಬಿಡ್ತೀನಿ ಅಂತ ಹೊರಟ. 3 ಡಾಲರೂ ದಾಟದ ಸಾಲಕ್ಕೆ ಅವನನ್ನು ಜೈಲಿಗೆ ಹಾಕಿಸಿದರು. ಆಮೇಲೆ ರಾತ್ರಿ ಯಾರೋ ಬಂದು ಸಾಲ ತೀರಿಸಿ, ಅವನನ್ನು ಗಾಡಿಗೆ ಹತ್ತಿಸಿಕೊಂಡು ಹೋದರು. ಆಸಾಮಿ ಮತ್ತೆ ಪತ್ತೆಯೇ ಇಲ್ಲ.

ಅಪಹರಿಸಿದವರಿಗೆ ಸಿಕ್ಕಿದ್ದು ಸಣ್ಣಪುಟ್ಟ ಶಿಕ್ಷೆ. ನನ್ನ ಪ್ರಕಾರ ಜನರನ್ನು ಕೆರಳಿಸಿದ್ದು ಮೇಸನ್‌ಗಳು ಒಬ್ಬರನ್ನೊಬ್ಬರು ಗುರುತಿಸಲು ಗುಟ್ಟಾಗಿ ಕೈಕುಲುಕುವ ರೀತಿಗಿಂತ ಇದೇ: ಅಧಿಕಾರದಲ್ಲಿದ್ದ ಮೇಸನ್‌ಗಳು ತಮ್ಮವರನ್ನು ಉಳಿಸಿಕೊಂಡರು ಅನ್ನೋ ಭಾವನೆ. ಆ ಸಿಟ್ಟಿನಿಂದಲೇ ಆಂಟಿ-ಮೇಸನಿಕ್ (ಮೇಸನ್ ವಿರೋಧಿ) ಪಕ್ಷ ಹುಟ್ಟಿ, 1832ರ ಅಧ್ಯಕ್ಷ ಚುನಾವಣೆಯಲ್ಲಿ ವರ್ಮಾಂಟ್ ರಾಜ್ಯವನ್ನು ಗೆದ್ದಿತು. ತಮಾಷೆ ನೋಡಿ, ಅದರ ಅಭ್ಯರ್ಥಿ ವಿಲಿಯಂ ವರ್ಟ್ ಕೂಡ ಹಿಂದೆ ಮೇಸನ್ ಆಗಿದ್ದವರೇ!