ಕೇಳಿ, ಹೇಳ್ತೀನಿ: ಮನೆಯಿಂದ ಕೆಲಸ, ಊರೊಳಗೆ ಓಡಾಟ

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗಾಡಿ, ಸೈಕಲ್ಲು, ರಸ್ತೆಯದ್ದೇ. ಆಫೀಸು ಮನೆಗೇ ಬಂದು ಕೂತರೂ ಓಡಾಟದ ಚಿಂತೆ ಬಿಟ್ಟಿಲ್ಲ ಅಂತಾಯ್ತು. ಹೊಸ ಓದುಗರಿಗೆ ಒಂದು ಮಾತು: ನಾನು ದಾವಣಗೆರೆ ಎಂ.ಸಿ.ಸಿ. ಬಿ ಬ್ಲಾಕಿನ ಮನೆಯ ಮಹಡಿ ಕೋಣೆಯಲ್ಲಿ ಕೂತು ಬೆಂಗಳೂರಿನ ಕಂಪನಿಯೊಂದಕ್ಕೆ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುವವಳು. ಮನೆಯಲ್ಲಿ ಒಂದು ಸ್ಕೂಟಿ, ಒಂದು ಸೈಕಲ್ಲು ಇವೆ. ಕಾರಿಲ್ಲ. ನನ್ನ ಉತ್ತರಗಳನ್ನು ಅಷ್ಟು ತಿಳಿದುಕೊಂಡೇ ಓದಿ.

ಅಕ್ಕಾ, ನಾನು ವಿದ್ಯಾನಗರದವನು. ಬೆಂಗಳೂರಿನ ಕಂಪನಿಗೆ ಮನೆಯಿಂದಲೇ ಕೆಲಸ. ತಿಂಗಳಿಗೆ ಎರಡು ದಿನ ಮಾತ್ರ ಆಫೀಸಿಗೆ ಹೋಗಬೇಕು. ‘ಇಷ್ಟು ಸಂಬಳ ತಗೊಂಡು ಮನೆ ಮುಂದೆ ಕಾರಿಲ್ಲ ಅಂದ್ರೆ ಹೆಣ್ಣು ಕೊಡೋರು ಏನಂದುಕೊಳ್ತಾರೆ’ ಅಂತ ಅಪ್ಪ ದಿನಾ ಶುರು ಮಾಡುತ್ತಾರೆ. ಸಾಲ ಮಾಡಿ ತಗೊಳ್ಲಾ?

ತಮ್ಮಾ, ನಿನ್ನ ಪತ್ರದಲ್ಲಿ ಓಡಾಟದ ಪ್ರಶ್ನೆ ಒಂದು, ಮದುವೆಯ ಪ್ರಶ್ನೆ ಒಂದು ಇದೆ. ಮದುವೆ ವಿಷಯಕ್ಕೆ ಈ ಪತ್ರಿಕೆಯಲ್ಲೇ ಬೇರೆ ಅಂಕಣ ಇದೆ. ಓಡಾಟದ್ದಷ್ಟೇ ನೋಡೋಣ.

ಇಲ್ಲಿಂದ ಬೆಂಗಳೂರು ಸುಮಾರು 260 ಕಿಲೋಮೀಟರ್. ಕಾರು ಲೀಟರಿಗೆ 15 ಕೊಟ್ಟರೂ ಹೋಗಿ ಬರಲು 35 ಲೀಟರ್ ಹತ್ತಿರ ಬೇಕು. ಲೀಟರಿಗೆ 100 ರೂಪಾಯಿ ದಾಟಿರುವ ಪೆಟ್ರೋಲ್ ಲೆಕ್ಕದಲ್ಲಿ ಮೂರೂವರೆ ಸಾವಿರ. ಅದರ ಮೇಲೆ ಹೆಬ್ಬಾಳು, ಗುಯಿಲಾಳು ಅಂತ ಒಂದಾದ ಮೇಲೊಂದು ಟೋಲ್. 2025ರ ಆಗಸ್ಟ್ 15ರಿಂದ ಫಾಸ್ಟ್ಯಾಗ್ ವಾರ್ಷಿಕ ಪಾಸ್ ಬಂದಿದೆ, ಶುರುವಿನಲ್ಲಿ ಅದಕ್ಕೆ 3,000 ರೂಪಾಯಿ ಇತ್ತು. ಒಂದು ವರ್ಷ ಅಥವಾ 200 ಸಲ ಟೋಲ್ ದಾಟುವುದು, ಯಾವುದು ಮೊದಲೋ ಅದು. ಅಂದರೆ ಟೋಲ್ ಹೊರೆ ಸ್ವಲ್ಪ ಇಳಿದಿದೆ. ಆದರೆ ಐದು ತಾಸು ಸ್ಟೀರಿಂಗ್ ಹಿಡಿದು ಹೋಗಿ ಮೀಟಿಂಗಿನಲ್ಲಿ ಕಣ್ಣು ಬಿಟ್ಟುಕೊಂಡು ಕೂರುವ ಕಷ್ಟಕ್ಕೆ ಯಾವ ಪಾಸೂ ಇಲ್ಲ.

ರೈಲು ನೋಡು. ನಮ್ಮ ಹಳಿ ಚಿಕ್ಕಜಾಜೂರು, ಬೀರೂರು, ಅರಸೀಕೆರೆ ಅಂತ ಊರೆಲ್ಲ ಸುತ್ತಿಕೊಂಡು ತುಮಕೂರಿಗೆ ಹೋಗುತ್ತದೆ. ಚಿತ್ರದುರ್ಗ, ಹಿರಿಯೂರು, ಶಿರಾ ಮೇಲೆ ಹೋಗುವ ನೇರ ಮಾರ್ಗದ ಕೆಲಸ ವರ್ಷಗಳಿಂದ ನಡೆಯುತ್ತಲೇ ಇದೆ. ಇಷ್ಟು ಸುತ್ತಿದರೂ ವಂದೇ ಭಾರತ್ ಕಾರಿಗಿಂತ ಬೇಗ ಮುಟ್ಟಿಸುತ್ತದೆ. ಧಾರವಾಡದ್ದು 2023ರಲ್ಲಿ ಬಂತು, ಬೆಳಗಾವಿಯದ್ದು 2025ರಲ್ಲಿ. ಎರಡೂ ಇಲ್ಲಿ ನಿಲ್ಲುತ್ತವೆ. ತೊಂದರೆ ಏನಂದರೆ, ಒಂದು ಬೆಂಗಳೂರು ಮುಟ್ಟುವುದು ಮಧ್ಯಾಹ್ನ, ಇನ್ನೊಂದು ಸಂಜೆ. ಬೆಳಗಿನ ಮೀಟಿಂಗಿಗೆ ಎರಡೂ ಆಗಿಬರುವುದಿಲ್ಲ. ಹಿಂದಿನ ದಿನವೇ ಹೋಗಿ ನೆಂಟರ ಮನೆಯಲ್ಲಿ ಮಲಗಬೇಕು. ಇಲ್ಲ ನಡುರಾತ್ರಿ ಕಳೆದ ಮೇಲೆ ಬರುವ ರಾಣಿ ಚನ್ನಮ್ಮ ಹತ್ತಬೇಕು. ವಾರಕ್ಕೊಂದು ದಿನ ವಂದೇ ಭಾರತ್‌ಗಳಿಗೆ ರಜೆ. ಆ ದಿನ ನೋಡಿಕೊಂಡು ಬುಕ್ ಮಾಡು.

ಮೆಜೆಸ್ಟಿಕ್‌ವರೆಗೆ ಹೋಗಲೇಬೇಕು ಅಂತಿಲ್ಲ. ಯಶವಂತಪುರದಲ್ಲಿ ಇಳಿದರೆ ಪಕ್ಕದಲ್ಲೇ ಹಸಿರು ಮಾರ್ಗದ ಮೆಟ್ರೋ. ವೈಟ್‌ಫೀಲ್ಡ್ ಕಡೆ ಆಫೀಸಾದರೆ ಮೆಜೆಸ್ಟಿಕ್‌ನಲ್ಲಿ ನೇರಳೆಗೆ ಬದಲಾಯಿಸಬೇಕು. ಎಲೆಕ್ಟ್ರಾನಿಕ್ ಸಿಟಿ ಆದರೆ ಆರ್.ವಿ. ರಸ್ತೆಯಲ್ಲಿ ಹಳದಿಗೆ. ಹಳದಿ ಮಾರ್ಗ ಶುರುವಾಗಿದ್ದು 2025ರ ಆಗಸ್ಟಿನಲ್ಲಿ. ಅದಕ್ಕೆ ಮುಂಚೆ ಆ ಕಡೆ ಆಫೀಸಿದ್ದವರ ಪಾಡು ಕೇಳಬೇಡ. ಬಸ್ಸಿನಲ್ಲಿ ಹೋಗುವವರಿಗೂ ಇದೇ ಉಪಾಯ. ಹಸಿರು ಮಾರ್ಗ 2024ರ ನವೆಂಬರಿನಿಂದ ತುಮಕೂರು ರಸ್ತೆಯ ಮಾದಾವರದವರೆಗೆ ಬಂದಿದೆ. ಕಂಡಕ್ಟರ್‌ಗೆ ಮೊದಲೇ ಹೇಳಿ ಆ ಕಡೆ ಇಳಿದುಬಿಡಿ. ಪೀಣ್ಯದಲ್ಲಿ ಬಸ್ಸೊಳಗೆ ಕೂತು ಬೆವರುವುದು ತಪ್ಪುತ್ತದೆ.

ಇನ್ನು ಊರೊಳಗೆ. ವಿದ್ಯಾನಗರದಿಂದ ಜಯದೇವ ಸರ್ಕಲ್‌ಗೆ ಕಾರು ಓಡಿಸುವುದು ಬೇಗ ಆಗುತ್ತದೆ, ನಿಲ್ಲಿಸುವುದು ಆಗುವುದಿಲ್ಲ. ಮಂಡಿಪೇಟೆಗಂತೂ ಕಾರು ತಗೊಂಡು ಹೋಗುವವರ ಧೈರ್ಯಕ್ಕೆ ಕೈ ಮುಗಿಯಬೇಕು.

ಒಂದೇ ಒಂದು ಕಾರಣಕ್ಕೆ ನಾನು ಕಾರು ತಗೋ ಅನ್ನುತ್ತೇನೆ. ಮನೆಯಲ್ಲಿ ವಯಸ್ಸಾದವರಿದ್ದು, ಹೊತ್ತಲ್ಲದ ಹೊತ್ತಲ್ಲಿ ಆಸ್ಪತ್ರೆಗೆ ಓಡುವ ಪ್ರಸಂಗ ಪದೇ ಪದೇ ಬರುವಂತಿದ್ದರೆ ತಗೋ, ಲೆಕ್ಕ ಹಾಕುತ್ತಾ ಕೂರಬೇಡ. ಇಲ್ಲದಿದ್ದರೆ ಕಾರಿನ ಕಂತಿನಷ್ಟು ದುಡ್ಡನ್ನು ತಿಂಗಳಾ ತಿಂಗಳಾ ಆರ್‌ಡಿಗೆ ಹಾಕಿ ಪಾಸ್‌ಬುಕ್ ಅಪ್ಪನ ಕೈಗೆ ಕೊಡು. ಹೆಣ್ಣು ಕೊಡುವವರಿಗೂ ಅದನ್ನೇ ತೋರಿಸಲಿ.

ಮೇಡಂ, ನಿಜಲಿಂಗಪ್ಪ ಬಡಾವಣೆಯಿಂದ ಬರೆಯುತ್ತಿದ್ದೇನೆ. ವಯಸ್ಸು 46. ದಿನವಿಡೀ ಲ್ಯಾಪ್‌ಟಾಪ್ ಮುಂದೆ ಕೂತು ಸೊಂಟ ಹಿಡಿದುಕೊಂಡಿದೆ. ಡಾಕ್ಟರು ಸೈಕಲ್ ತುಳಿಯಿರಿ ಎಂದರು. ಅಂಗಡಿಯವರು 40 ಸಾವಿರದ ಗೇರ್ ಸೈಕಲ್ ತೋರಿಸುತ್ತಿದ್ದಾರೆ. ಈ ವಯಸ್ಸಲ್ಲಿ ಸೈಕಲ್ ಮೇಲೆ ಹೋದರೆ ಜನ ನಗುವುದಿಲ್ಲವೇ?

ನಗುತ್ತಾರೆ ಸರ್. ಒಂದು ವಾರ. ಆಮೇಲೆ ಅದೇ ಜನ ‘ಎಷ್ಟು ಬಿತ್ತು ಸರ್?’ ಅಂತ ಕೇಳುತ್ತಾರೆ. ಆಗ 40 ಸಾವಿರ ಎಂದು ಹೇಳುವಂತಾಗಬಾರದು, ಅಷ್ಟೇ.

ದಾವಣಗೆರೆ ಸಪಾಟು ಊರು. ಇಲ್ಲಿ ಇಪ್ಪತ್ತೊಂದು ಗೇರು ಇಟ್ಟುಕೊಂಡು ಹತ್ತುವ ಗುಡ್ಡ ಯಾವುದಿದೆ? ಬಾತಿ ಗುಡ್ಡಕ್ಕೆ ದಿನಾ ಹೋಗುತ್ತೀರಾ? ಗೇರಿಲ್ಲದ, ನೆಟ್ಟಗೆ ಕೂರುವ ಹ್ಯಾಂಡಲ್ಲಿನ, ಮಡ್ಗಾರ್ಡ್ ಮತ್ತು ಕ್ಯಾರಿಯರ್ ಇರುವ ಸಾದಾ ಸೈಕಲ್ ತಗೊಳ್ಳಿ. ಬಗ್ಗಿ ಹಿಡಿಯುವ ರೇಸ್ ಹ್ಯಾಂಡಲ್ ನಿಮ್ಮ ಸೊಂಟಕ್ಕೆ ಈಗ ಬೇಡ. ನೋವು ಕಾಲಿನವರೆಗೆ ಇಳಿಯುತ್ತಿದ್ದರೆ ಅಥವಾ ಜೋಮು ಹಿಡಿಯುತ್ತಿದ್ದರೆ ಮಾತ್ರ ಸೈಕಲ್ ಬದಿಗಿಟ್ಟು ಮತ್ತೆ ಡಾಕ್ಟರ ಹತ್ತಿರ ಹೋಗಿ.

ಅಂಗಡಿಯಲ್ಲೇ ಸೀಟಿನ ಎತ್ತರ ಸರಿ ಮಾಡಿಸಿ. ನಮ್ಮಲ್ಲಿ ಎಲ್ಲರೂ ಸೀಟು ಇಳಿಸಿಕೊಳ್ಳುತ್ತಾರೆ, ಕೂತಲ್ಲೇ ಎರಡೂ ಕಾಲು ನೆಲಕ್ಕೆ ಊರಬೇಕು ಅಂತ. ಹಾಗೆ ತುಳಿದರೆ ಮಂಡಿ ಹಿಡಿದುಕೊಳ್ಳುತ್ತದೆ. ಸೊಂಟ ಬಿಟ್ಟು ಮಂಡಿ ನೋವು ತಂದುಕೊಂಡ ಹಾಗಾಗುತ್ತದೆ. ಸೀಟಿನ ಮೇಲೆ ಕೂತು ಪೆಡಲನ್ನು ಪೂರ್ತಿ ಕೆಳಗೆ ತನ್ನಿ. ಅದರ ಮೇಲೆ ಹಿಮ್ಮಡಿ ಇಡಿ. ಆಗ ಕಾಲು ನೆಟ್ಟಗಾಗಬೇಕು. ತುಳಿಯುವಾಗ ಪಾದದ ಮುಂಭಾಗ ಪೆಡಲ್ ಮೇಲಿರುವುದರಿಂದ ಮಂಡಿ ತಾನಾಗಿ ಸ್ವಲ್ಪ ಬಾಗುತ್ತದೆ. ಅಷ್ಟು ಬಾಗಿದರೆ ಸರಿ. ನಿಲ್ಲಿಸುವಾಗ ಸೀಟಿನಿಂದ ಮುಂದಕ್ಕೆ ಜಾರಿ ಒಂದು ಕಾಲು ಊರುವುದನ್ನು ಎರಡು ದಿನದಲ್ಲಿ ಕಲಿಯುತ್ತೀರಿ.

ನಮ್ಮ ಕಡೆ ಸೈಕಲ್ಲಿನ ನಿಜವಾದ ಶತ್ರು ಬಸ್ಸಲ್ಲ, ಲಾರಿಯಲ್ಲ, ಬಳ್ಳಾರಿ ಜಾಲಿ. ಕೆರೆ ದಂಡೆ, ಭದ್ರಾ ನಾಲೆ ಬದಿ, ಖಾಲಿ ಸೈಟು, ಎಲ್ಲೆಲ್ಲೂ ಅದರ ಮುಳ್ಳು. ಬೇಲಿ ಸವರಿದ ಮರುದಿನವಂತೂ ರಸ್ತೆ ತುಂಬ ಬಿದ್ದಿರುತ್ತದೆ. ಈ ಮುಳ್ಳು ಟೈರಿಗೆ ಚುಚ್ಚಿದ ಮೇಲೆ ಹೊರಗಿನ ತುಂಡು ಮುರಿದು ಹೋಗುತ್ತದೆ, ತುದಿ ಒಳಗೇ ಉಳಿಯುತ್ತದೆ. ಪಂಚರ್ ಅಂಗಡಿಯ ಹುಡುಗ ಟ್ಯೂಬು ತೆಗೆದು, ನೀರಿನ ಬಾಣಲೆಯಲ್ಲಿ ಅದ್ದಿ, ಗುಳ್ಳೆ ಬಂದಲ್ಲಿ ಪ್ಯಾಚ್ ಹಾಕಿ ಕೊಡುತ್ತಾನೆ. ಸಂಜೆಗೆ ಮತ್ತೆ ಅದೇ ಜಾಗದಲ್ಲಿ ಗಾಳಿ ಹೋಗುತ್ತದೆ. ಅದಕ್ಕೆ ಟ್ಯೂಬು ವಾಪಸ್ ಹಾಕುವ ಮೊದಲು ಒಂದು ಹಳೇ ಬನಿಯನ್ ಬಟ್ಟೆ ತಗೊಂಡು ಟೈರಿನ ಒಳಗಡೆ ಸುತ್ತಲೂ ಸವರಬೇಕು. ನೂಲು ಸಿಕ್ಕಿಕೊಂಡಲ್ಲಿ ಮುಳ್ಳಿದೆ ಅಂತ ಅರ್ಥ. ಬೆರಳಲ್ಲಿ ಸವರಬೇಡಿ, ಅದು ಬೆರಳಿಗೂ ಚುಚ್ಚುತ್ತದೆ. ಕಟಿಂಗ್ ಪ್ಲೇಯರ್‌ನಲ್ಲಿ ಹಿಡಿದು ಎಳೆಯಿರಿ. ಒಂದು ಟೈರಿನಲ್ಲಿ ಒಂದೇ ಮುಳ್ಳಿರುತ್ತದೆ ಅಂತ ನಂಬಬೇಡಿ, ಪೂರ್ತಿ ಸುತ್ತು ಹಾಕಿ. ಗಾಳಿ ಎಷ್ಟು ಹೊಡೆಸಬೇಕು ಎಂಬುದು ಟೈರಿನ ಪಕ್ಕದಲ್ಲೇ ಬರೆದಿರುತ್ತದೆ. ಕಡಿಮೆ ಗಾಳಿಯಲ್ಲಿ ತುಳಿದರೆ ಗುಂಡಿಗೆ ಬಿದ್ದಾಗ ರಿಮ್ಮು ಟ್ಯೂಬನ್ನೇ ಕಚ್ಚುತ್ತದೆ.

ಹೊತ್ತು ಮುಖ್ಯ. ಏಪ್ರಿಲ್, ಮೇ ತಿಂಗಳಲ್ಲಿ ಬೆಳಿಗ್ಗೆ ಎಂಟಕ್ಕೆಲ್ಲ ಬಿಸಿಲು ಬಾರಿಸುತ್ತದೆ. ಆರಕ್ಕೆ ಹೊರಟು ಕುಂದವಾಡ ಕೆರೆ ಕಡೆ ಹೋಗಿ ಬಂದುಬಿಡಿ, ನಿಮ್ಮ ಬಡಾವಣೆಯಿಂದ ಅದು ಹತ್ತಿರವೂ ಹೌದು. ಮೆಕ್ಕೆಜೋಳ ಒಕ್ಕುವ ಕಾಲದಲ್ಲಿ ಸರ್ವೀಸ್ ರಸ್ತೆಯಲ್ಲಿ ಹುಷಾರು. ರೈತರು ಒಣಗಲು ಹರಡಿದ ಕಾಳಿನ ಮೇಲೆ ಸೈಕಲ್ ಹತ್ತಿದರೆ ಗೋಲಿ ಗುಂಡಿನ ಮೇಲೆ ಹತ್ತಿದ ಹಾಗೆ. ಅಲ್ಲಿ ಬ್ರೇಕ್ ಒತ್ತಬೇಡಿ, ಇಳಿದು ತಳ್ಳಿಕೊಂಡು ಹೋಗಿ. ಸಂಜೆ ಮೇಲೆ ಹೋಗುವುದಿದ್ದರೆ ಹಿಂದೆ ಕೆಂಪು ಲೈಟ್ ಹಾಕಿಸಿ. ಹೆಲ್ಮೆಟ್ ಸೈಕಲ್ಲಿಗೆ ಕಾನೂನಿನಲ್ಲಿಲ್ಲ, ಆದರೆ ತಲೆಗೆ ಅದು ಗೊತ್ತಿರುವುದಿಲ್ಲ. ಉಳಿಸಿದ 30 ಸಾವಿರದಲ್ಲಿ ಒಂದು ತಗೊಳ್ಳಿ.

ಅಕ್ಕಾ, ನಾನು ಚಿತ್ರದುರ್ಗದ ಸೊಸೆ. ಮನೆಯಿಂದಲೇ ಐಟಿ ಕೆಲಸ. ಮನೇಲೇ ಇರ್ತೀಯಲ್ಲ ಅಂತ ಅತ್ತೆ ಹೊತ್ತಿಲ್ಲ ಗೊತ್ತಿಲ್ಲ ಲಕ್ಷ್ಮೀ ಬಜಾರ್‌ಗೆ ಕಳಿಸುತ್ತಾರೆ. ಸ್ಕೂಟಿ ಇರುವುದೂ ನನ್ನೊಬ್ಬಳ ಹತ್ತಿರ. ಮೊನ್ನೆ ಮ್ಯಾನೇಜರ್ ಜೊತೆ ಮಾತಾಡುತ್ತಿದ್ದಾಗ ‘ಕೊತ್ತಂಬರಿ ತಂದ್ಯಾ?’ ಅಂತ ಕೂಗಿದರು. ಹೇಗೆ ಹೇಳಲಿ?

ನೋಡಮ್ಮಾ, ಅತ್ತೆಗೆ ನಿನ್ನ ಮೇಲೆ ಸಿಟ್ಟಿಲ್ಲ. ಕೆಲಸ ಅಂದರೆ ಸೀರೆ ಉಟ್ಟು, ಬ್ಯಾಗ್ ಹಾಕಿಕೊಂಡು, ಬಾಗಿಲು ದಾಟಿ ಹೋಗುವುದು ಅಂತ ಅವರು ನೋಡಿಕೊಂಡು ಬಂದಿದ್ದಾರೆ. ನೀನು ಬಾಗಿಲು ದಾಟುತ್ತಿಲ್ಲ. ಹಾಗಾದರೆ ದಾಟು. ಬೆಳಿಗ್ಗೆ ಕೆಲಸಕ್ಕೆ ಕೂರುವ ಮುಂಚೆ ಮನೆ ಬಟ್ಟೆ ಬದಲಾಯಿಸಿ, ‘ಬರ್ತೀನತ್ತೆ, ಏನಾದ್ರೂ ತರೋದಿತ್ತಾ?’ ಅಂತ ನೀನೇ ಕೇಳಿ ಹೊರಡು. ಬೆಳಗಿನ ಹೊತ್ತು ಬಜಾರಿನಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುತ್ತದೆ, ಸೊಪ್ಪೂ ಬಾಡಿರುವುದಿಲ್ಲ. ಕೊತ್ತಂಬರಿ ಅವರ ಕೈಗೆ ಕೊಟ್ಟು, ‘ಈಗ ಆಫೀಸು, ಒಂದು ಗಂಟೆಗೆ ಊಟಕ್ಕೆ ಬರ್ತೀನಿ’ ಅಂದು ಕೋಣೆ ಬಾಗಿಲು ಹಾಕಿಕೋ. ಬಾಗಿಲು ಹಾಕುವುದು ಮುಖ್ಯ. ಅರ್ಧ ತೆರೆದ ಬಾಗಿಲಿಗೆ ಯಾರೂ ಮರ್ಯಾದೆ ಕೊಡುವುದಿಲ್ಲ.

ಅಂದಹಾಗೆ ‘ನಿಮ್ಮ ಮಗನೂ ಹೋಗಬಹುದಲ್ವಾ?’ ಅಂತ ನಾನು ಕೇಳಬೇಕು ಅನ್ನಿಸುತ್ತಿದೆ. ಅವರ ಹತ್ತಿರ ಸ್ಕೂಟಿ ಇಲ್ಲದಿದ್ದರೆ ಕಾಲಾದರೂ ಇವೆಯಲ್ಲ. ಅದನ್ನು ನೀನು ರಾತ್ರಿ ಊಟದ ಹೊತ್ತಲ್ಲಿ ನಗುನಗುತ್ತಾ ಕೇಳು.

ಮಗನಿಗೆ 17 ವರ್ಷ. ಟ್ಯೂಷನ್‌ಗೆ ನಾನೇ ಬಿಟ್ಟು ಬರಬೇಕು. ಸಂಜೆ ನನ್ನ ಅಮೆರಿಕದ ಮೀಟಿಂಗ್ ಇರುತ್ತದೆ. ಎಲೆಕ್ಟ್ರಿಕ್ ಸ್ಕೂಟರ್‌ಗೆ ಲೈಸೆನ್ಸ್ ಬೇಡವಂತೆ, ಕೊಡಿಸಲೇ? — ಪಿ.ಜೆ. ಬಡಾವಣೆಯ ತಾಯಿ

ಎಲ್ಲದಕ್ಕೂ ಬೇಡ ಅಂತಲ್ಲ. ಮೋಟರ್ 250 ವ್ಯಾಟ್ ಮೀರದ, ಗಂಟೆಗೆ 25 ಕಿಲೋಮೀಟರ್ ದಾಟದ ಗಾಡಿಗೆ ಮಾತ್ರ ಲೈಸೆನ್ಸ್, ನೋಂದಣಿ ಬೇಡ. ನಿಮ್ಮ ಮಗ ಕೇಳುತ್ತಿರುವುದು ಅದಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ನಂಬರ್ ಪ್ಲೇಟ್ ಇರುವ ಗಾಡಿಯನ್ನು ಲೈಸೆನ್ಸ್ ಇಲ್ಲದ ಮಗನ ಕೈಗೆ ಕೊಟ್ಟು ಕೇಸಾದರೆ ನಿಮಗೆ 25,000 ರೂಪಾಯಿ ದಂಡ, ಮೂರು ವರ್ಷದವರೆಗೆ ಜೈಲೂ ಆಗಬಹುದು. ಗಾಡಿಯ ನೋಂದಣಿ ಒಂದು ವರ್ಷ ರದ್ದು. ಹುಡುಗನಿಗೆ 25 ತುಂಬುವವರೆಗೆ ಲೈಸೆನ್ಸೇ ಸಿಗುವುದಿಲ್ಲ. ಮೇಲಿನ ಉತ್ತರದ ಸೈಕಲ್ ಅವನಿಗೂ ಆಗುತ್ತದೆ. ಮುಖ ಊದಿಸಿಕೊಳ್ಳುತ್ತಾನೆ. ಊದಿಸಿಕೊಳ್ಳಲಿ.

ದುರ್ಗದಿಂದ ದಾವಣಗೆರೆಗೆ ಭಾನುವಾರ ಸೈಕಲ್ಲಿನಲ್ಲಿ ಹೋಗಿ ಬೆಣ್ಣೆ ದೋಸೆ ತಿಂದು ವಾಪಸ್ ಬರೋಣ ಅಂತ ನಾವು ನಾಲ್ಕು ಜನ ಗೆಳೆಯರು. ಎಲ್ಲರೂ ವರ್ಕ್ ಫ್ರಂ ಹೋಮ್. ಜುಲೈ ಆಗಬಹುದಾ?

ದೋಸೆ ಆಗಬಹುದು, ಜುಲೈ ಬೇಡ. ಒಂದು ಕಡೆಗೇ ಸುಮಾರು 60 ಕಿಲೋಮೀಟರ್. ದುರ್ಗ ನಮ್ಮೂರಿಗಿಂತ ನೂರು ಮೀಟರಿಗೂ ಜಾಸ್ತಿ ಎತ್ತರದಲ್ಲಿದೆ, ಹಾಗಾಗಿ ಬರುವಾಗ ಒಟ್ಟಿನಲ್ಲಿ ಇಳಿಜಾರು ಅಂತ ನೀವು ಲೆಕ್ಕ ಹಾಕಿರುತ್ತೀರಿ. ಮಳೆಗಾಲದಲ್ಲಿ ಗಾಳಿ ಪಶ್ಚಿಮದಿಂದ ಬೀಸುತ್ತದೆ. ನಿಮ್ಮ ಗುಡ್ಡಗಳ ಮೇಲೆ ಗಾಳಿಯಂತ್ರಗಳನ್ನು ಸುಮ್ನೆ ನಿಲ್ಲಿಸಿಲ್ಲ. ದಾವಣಗೆರೆ ನಿಮಗೆ ವಾಯುವ್ಯಕ್ಕೆ, ಅಂದರೆ ಇಳಿಜಾರಿನಲ್ಲೂ ಎದೆಗೆ ಗಾಳಿ ತಗೊಂಡು ತುಳಿಯಬೇಕು. ದೋಸೆ ತಿಂದು ಹೊಟ್ಟೆ ಭಾರವಾದ ಮೇಲೆ ಏರು. ಅಲ್ಲಿ ಗಾಳಿ ಬೆನ್ನಿಗಿರುತ್ತದೆ ಅನ್ನುವುದೊಂದೇ ಸಮಾಧಾನ.

ಡಿಸೆಂಬರ್, ಜನವರಿಯಲ್ಲಿ ಬನ್ನಿ. ಬೆಳಕು ಹರಿದ ಮೇಲೆ ಹೊರಡಿ. ಹೆದ್ದಾರಿ 48ರ ಮುಖ್ಯ ರಸ್ತೆಗೆ ಹತ್ತಬೇಡಿ, ಸರ್ವೀಸ್ ರಸ್ತೆ ಇರುವಷ್ಟು ದೂರ ಅದರಲ್ಲೇ ಬನ್ನಿ. ಕಬ್ಬಿನ ಟ್ರ್ಯಾಕ್ಟರ್ ಕಂಡರೆ ಹಿಂದೆ ಅಂಟಿಕೊಂಡು ಬರಬೇಡಿ, ಬಿಟ್ಟುಬಿಡಿ. ಭರಮಸಾಗರದಲ್ಲಿ ಒಂದು ಟೀ. ವಾಪಸ್ ತುಳಿಯಲು ಆಗದಿದ್ದರೆ ನಾಚಿಕೆ ಪಡದೆ ಗೂಡ್ಸ್ ಆಟೋ ಹಿಡಿಯಿರಿ, ನಾಲ್ಕು ಸೈಕಲ್ ಆರಾಮಾಗಿ ಹಿಡಿಸುತ್ತವೆ.

ಮೀಟಿಂಗ್ ನಡುವೆಯೇ ಕರೆಂಟ್ ಹೋಗುತ್ತದೆ. ಇನ್ವರ್ಟರ್‌ಗೆ ದುಡ್ಡಿಲ್ಲ. ಏನು ಮಾಡಲಿ? — ಹದಡಿ ರಸ್ತೆ

ಲ್ಯಾಪ್‌ಟಾಪ್‌ಗೆ ಅದರದ್ದೇ ಬ್ಯಾಟರಿ ಇದೆ, ಸಾಯುವುದು ರೌಟರ್ ಮಾತ್ರ. ಅದಕ್ಕೆ ಅಂತಲೇ ಸಣ್ಣ ಯುಪಿಎಸ್ ಸಿಗುತ್ತದೆ. ರೌಟರ್ ತಿರುಗಿಸಿ ಕೆಳಗಿನ ಚೀಟಿ ಓದಿ, 12 ವೋಲ್ಟೋ 9 ವೋಲ್ಟೋ ನೋಡಿ ಅದಕ್ಕೆ ಹೊಂದುವುದನ್ನೇ ತನ್ನಿ. ಫೈಬರ್ ಡಬ್ಬಿ ಬೇರೆ ಇದ್ದರೆ ಅದಕ್ಕೂ ಬೇಕು. ಬೀದಿ ಕಂಬದ ಮೇಲಿನ ಕೇಬಲ್‌ನವರ ಡಬ್ಬಿಗೇ ಕರೆಂಟ್ ಇಲ್ಲದಿದ್ದರೆ ಯುಪಿಎಸ್ ಇದ್ದೂ ಪ್ರಯೋಜನವಿಲ್ಲ. ಆಗ ಮೊಬೈಲ್ ಹಾಟ್‌ಸ್ಪಾಟ್ ಹಾಕಿ ವಿಡಿಯೋ ಆಫ್ ಮಾಡಿ. ಬೆಸ್ಕಾಂನವರು ಲೈನ್ ಕೆಲಸಕ್ಕೆ ಕರೆಂಟ್ ತೆಗೆಯುವ ದಿನ ಪೇಪರಿನಲ್ಲಿ ‘ವಿದ್ಯುತ್ ವ್ಯತ್ಯಯ’ ಅಂತ ಹಾಕುತ್ತಾರೆ. ಅದನ್ನು ನೋಡಿಕೊಂಡು ಮೀಟಿಂಗ್ ಇಟ್ಟುಕೊಳ್ಳಿ. ಹೇಳದೆ ಕೇಳದೆ ಹೋದರೆ 1912ಕ್ಕೆ ಫೋನ್ ಮಾಡಿ.