ಎದೆಬಡಿತ ತಾನಾಗಿಯೇ ಸರಿಹೋಗಿದೆ, ಮಾತ್ರೆ ನಿಲ್ಲಿಸಬಹುದಾ?

ಪ್ರಶ್ನೆ: ನಮ್ಮ ತಂದೆಗೆ 68 ವರ್ಷ. ಬಹಳ ವರ್ಷದಿಂದ ಬಿಪಿ ಇದೆ, ತೂಕ ಜಾಸ್ತಿ, ರಾತ್ರಿ ಜೋರು ಗೊರಕೆ. ದೀಪಾವಳಿ ಆದಮೇಲೆ ಆಗಾಗ ಎದೆ ಡವಡವ ಅಂತ ಹೊಡೆದುಕೊಂಡು, ಎರಡು ಮೂರು ಗಂಟೆಯಲ್ಲಿ ತಾನೇ ನಿಲ್ಲುತ್ತಿತ್ತು. ಇಸಿಜಿ ನೋಡಿದ ಡಾಕ್ಟರು ಏಟ್ರಿಯಲ್ ಫಿಬ್ರಿಲೇಶನ್ ಅಂದರು. ರಕ್ತ ಹೆಪ್ಪುಗಟ್ಟದ ಹಾಗೆ ಮಾತ್ರೆ ಕೊಟ್ಟಿದ್ದಾರೆ. ಒಂದು ತಿಂಗಳಿಂದ ಏನೂ ತೊಂದರೆ ಇಲ್ಲ. ಮಾತ್ರೆ ನಿಲ್ಲಿಸಬಹುದಾ? ಇದು ಯಾಕೆ ಬಂತು, ಮುಂದೆ ಜಾಸ್ತಿ ಆಗುತ್ತಾ?
– ಓದುಗರು, ದಾವಣಗೆರೆ

ಉತ್ತರ: ದಯವಿಟ್ಟು ನಿಲ್ಲಿಸಬೇಡಿ. ಯಾಕೆ ಅಂತ ಹೇಳುತ್ತೇನೆ.

ಹೃದಯಕ್ಕೆ ಮೇಲೆ ಎರಡು, ಕೆಳಗೆ ಎರಡು ಕೋಣೆ. ಮೇಲಿನ ಬಲ ಕೋಣೆಯಲ್ಲಿರುವ ಒಂದು ಪುಟ್ಟ ಜಾಗದಿಂದ ವಿದ್ಯುತ್ ಸಂಕೇತ ಹೊರಡುತ್ತದೆ. ಸುಮ್ಮನೆ ಕೂತಿದ್ದಾಗ ನಿಮಿಷಕ್ಕೆ 60ರಿಂದ 100 ಸಲ. ನಿಮ್ಮ ತಂದೆಗೆ ಡವಡವ ಅಂದಾಗ ಈ ಸಂಕೇತದ ಮಾತು ನಡೆಯುವುದಿಲ್ಲ. ಮೇಲಿನ ಕೋಣೆಗಳಲ್ಲಿ ನಿಮಿಷಕ್ಕೆ 350ಕ್ಕೂ ಹೆಚ್ಚು ಸಂಕೇತಗಳು ಅಡ್ಡಾದಿಡ್ಡಿ ಓಡುತ್ತವೆ. ಕೋಣೆ ಹಿಂಡುವುದನ್ನು ಬಿಟ್ಟು ನಡುಗುತ್ತದೆ. ಇದೇ ಏಟ್ರಿಯಲ್ ಫಿಬ್ರಿಲೇಶನ್.

ಯಾಕೆ ಬಂತು ಅನ್ನುವುದಕ್ಕೆ ಉತ್ತರದ ಬಹುಪಾಲು ನಿಮ್ಮ ಪತ್ರದಲ್ಲೇ ಇದೆ. ಬಿಪಿ ಜಾಸ್ತಿ ಇದ್ದಾಗ ಕೆಳಗಿನ ಕೋಣೆಯ ಗೋಡೆ ದಪ್ಪಗಾಗಿ ಬಿಗಿಯುತ್ತದೆ. ಅದರೊಳಗೆ ರಕ್ತ ತುಂಬಲು ಮೇಲಿನ ಎಡ ಕೋಣೆ ವರ್ಷಗಟ್ಟಲೆ ಹೆಣಗಿ ಹೆಣಗಿ ಹಿಗ್ಗುತ್ತದೆ, ಮಾಂಸಖಂಡದ ಮಧ್ಯೆ ನಾರು ಬೆಳೆಯುತ್ತದೆ. ಗೊರಕೆಯನ್ನೂ ಹಗುರವಾಗಿ ತಗೋಬೇಡಿ. ಗೊರಕೆ ಹೊಡೆಯುತ್ತಾ ಉಸಿರು ಕಟ್ಟಿ, ಮತ್ತೆ ತಟ್ಟನೆ ಎಳೆದುಕೊಳ್ಳುತ್ತಾರಾ ಅಂತ ಅಮ್ಮನನ್ನು ಕೇಳಿ. ಹಾಗಿದ್ದರೆ ನಿದ್ದೆಯ ಪರೀಕ್ಷೆ ಮಾಡಿಸಬೇಕು. ಥೈರಾಯ್ಡ್ ಪರೀಕ್ಷೆ, ಎಕೋ (ಹೃದಯದ ಸ್ಕ್ಯಾನ್) ಆಗಿಲ್ಲದಿದ್ದರೆ ಅವೂ ಆಗಲಿ. ನಮ್ಮಲ್ಲಿ ಚಿಕ್ಕಂದಿನ ಕೀಲುವಾತದ ಜ್ವರದಿಂದ ಕವಾಟ ಕಿರಿದಾಗಿ ಈ ತೊಂದರೆ ಬಂದವರು ಇನ್ನೂ ಬಹಳ ಜನ ಇದ್ದಾರೆ. ಅವರಿಗೆ ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆಯೇ ಬೇರೆ. ಮದ್ಯದ ಅಭ್ಯಾಸ ಇದ್ದರೆ ಡಾಕ್ಟರಿಗೆ ಮುಚ್ಚಿಡಬೇಡಿ.

ಮುಂದೆ ಹೆಚ್ಚಾಗುತ್ತಾ? ಹಾಗೇ ಬಿಟ್ಟರೆ ಬಹಳ ಜನರಲ್ಲಿ ಹೆಚ್ಚಾಗುತ್ತದೆ. 1995ರಲ್ಲಿ ನೆದರ್ಲೆಂಡ್ಸ್‌ನ ಮಾಸ್ಟ್ರಿಕ್ಟ್‌ನಲ್ಲಿ ಮೇಕೆಗಳ ಮೇಲೆ ಒಂದು ಪ್ರಯೋಗ ನಡೆಯಿತು. ಯಂತ್ರದಿಂದ ಈ ತಾಳ ತಪ್ಪಿದ ಬಡಿತವನ್ನು ಮತ್ತೆ ಮತ್ತೆ ಹುಟ್ಟಿಸಿದರು. ಮೊದಲು ಕೆಲವೇ ಸೆಕೆಂಡಿನಲ್ಲಿ ತಾನೇ ನಿಲ್ಲುತ್ತಿತ್ತು. ದಿನಗಳು ಕಳೆದಂತೆ ಹೆಚ್ಚಿನ ಮೇಕೆಗಳಲ್ಲಿ ಒಂದು ದಿನ ದಾಟಿದರೂ ನಿಲ್ಲಲಿಲ್ಲ. ಅಂದರೆ ಪ್ರತಿ ಸಲ ಬಂದಾಗಲೂ ಮುಂದಿನ ಸಲಕ್ಕೆ ದಾರಿ ಸುಲಭವಾಗುತ್ತದೆ. ಏಳು ದಿನದೊಳಗೆ ನಿಲ್ಲುವುದು ಮೊದಲ ಹಂತ. ನಿಮ್ಮ ತಂದೆ ಅಲ್ಲಿದ್ದಾರೆ. ಏಳು ದಿನ ದಾಟಿದರೆ ಅದು ಬೇರೂರಿದ ಹಾಗೆ. ವರ್ಷ ದಾಟಿದರೆ ಮೊದಲಿನ ತಾಳಕ್ಕೆ ತರುವುದು ಇನ್ನೂ ಕಷ್ಟ.

ಆದ್ದರಿಂದ ಕೆಲಸ ಮಾಡಬೇಕಾದ ಕಾಲ ಇದೇ, ಏನೂ ತೊಂದರೆ ಇಲ್ಲ ಅನ್ನಿಸುತ್ತಿರುವ ಈ ತಿಂಗಳು. ಕಾಯಿಲೆ ಗೊತ್ತಾದ ಒಂದು ವರ್ಷದೊಳಗೆ ತಾಳ ಸರಿಪಡಿಸುವ ಚಿಕಿತ್ಸೆ ಶುರುಮಾಡಿದವರಿಗೆ ಹೆಚ್ಚು ಲಾಭ ಅಂತ 2020ರ ಒಂದು ದೊಡ್ಡ ಅಧ್ಯಯನ ತೋರಿಸಿತು. ತಾಳ ಸರಿಪಡಿಸುವ ಮಾತ್ರೆಯೋ, ಅಬ್ಲೇಶನ್ನೋ (ರಕ್ತನಾಳದ ಮೂಲಕ ತೆಳು ಕೊಳವೆ ಕಳಿಸಿ, ತಪ್ಪು ಸಂಕೇತ ಹುಟ್ಟುವ ಜಾಗವನ್ನು ನಿಷ್ಕ್ರಿಯಗೊಳಿಸುವುದು) ಅನ್ನುವುದನ್ನು ಹೃದಯತಜ್ಞರ ಹತ್ತಿರ ಈಗಲೇ ಮಾತಾಡಿ. ತೂಕ ಇಳಿಸುವುದೂ ಚಿಕಿತ್ಸೆಯೇ. ಹತ್ತರಲ್ಲಿ ಒಂದು ಪಾಲು ಇಳಿಸಿ, ಅದನ್ನು ಉಳಿಸಿಕೊಂಡವರಲ್ಲಿ ಈ ಕಾಟ ಬಹಳ ಕಡಿಮೆಯಾದದ್ದು ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿ ಕಂಡುಬಂತು.

ಈಗ ರಕ್ತ ಹೆಪ್ಪುಗಟ್ಟದ ಹಾಗೆ ಕೊಟ್ಟ ಮಾತ್ರೆಯ ವಿಷಯ. ಎಡ ಮೇಲ್ಕೋಣೆಗೆ ಒಂದು ಪುಟ್ಟ ಚೀಲ ಅಂಟಿಕೊಂಡಿದೆ. ಕೋಣೆ ಹಿಂಡದಿದ್ದಾಗ ಅಲ್ಲಿ ರಕ್ತ ನಿಂತು ಗಟ್ಟಿಯಾಗಬಹುದು. ಆ ಗಡ್ಡೆ ಮಿದುಳಿಗೆ ಹೋದರೆ ಲಕ್ವ. ಈ ಕಾಯಿಲೆ ಇದ್ದವರಿಗೆ ಆ ಅಪಾಯ ಸುಮಾರು ಐದು ಪಟ್ಟು. ಎಷ್ಟೋ ಸಲ ಬಡಿತ ತಪ್ಪಿದ್ದು ಅವರಿಗೇ ಗೊತ್ತಾಗುವುದಿಲ್ಲ. ಹಾಗಾಗಿ ಡವಡವ ಅನ್ನಲಿಲ್ಲ ಅಂದಮಾತ್ರಕ್ಕೆ ಬಂದಿಲ್ಲ ಅಂತಲ್ಲ. 65 ದಾಟಿದ ವಯಸ್ಸು, ಜೊತೆಗೆ ಬಿಪಿ. ಇವೆರಡೇ ಸಾಕು ಮಾತ್ರೆ ಬೇಕು ಅನ್ನುವುದಕ್ಕೆ.

ನೀವೇ ಅವರ ನಾಡಿ ನೋಡುವುದನ್ನು ಕಲಿಯಿರಿ. ಐದು ನಿಮಿಷ ಕೂರಿಸಿ. ಅಂಗೈ ಮೇಲಕ್ಕೆ ತಿರುಗಿಸಿ, ಹೆಬ್ಬೆರಳ ನೇರಕ್ಕೆ ಮಣಿಕಟ್ಟಿನ ಮೇಲೆ ನಿಮ್ಮ ತೋರುಬೆರಳು, ನಡುಬೆರಳು ಇಡಿ. ಪೂರ್ತಿ ಒಂದು ನಿಮಿಷ ನೋಡಿ. ಮಧ್ಯೆ ಒಂದು ಬಡಿತ ಬಿಟ್ಟು ಮತ್ತೆ ಅದೇ ತಾಳಕ್ಕೆ ಬಂದರೆ ಅದು ಅನೇಕರಲ್ಲಿ ಇರುವಂಥದ್ದೇ. ಆದರೆ ಒಂದು ಬೇಗ, ಒಂದು ತಡ, ಒಂದು ಜೋರು, ಒಂದು ಕೈಗೇ ಸಿಗದಷ್ಟು ಸಣ್ಣ, ಹೀಗೆ ಎಷ್ಟು ಹೊತ್ತು ನೋಡಿದರೂ ತಾಳ ಸಿಗದಿದ್ದರೆ ಗಂಟೆ ಬರೆದಿಟ್ಟುಕೊಂಡು ಹತ್ತಿರದ ಕ್ಲಿನಿಕ್ಕಿನಲ್ಲಿ ಇಸಿಜಿ ತೆಗೆಸಿ. ಬಡಿತ ಸರಿಹೋದ ಮೇಲೆ ತೆಗೆಸಿದರೆ ಅದರಲ್ಲಿ ಏನೂ ಕಾಣುವುದಿಲ್ಲ.

ಮಂಡಿನೋವಿಗೆ ಅಂತ ಮೆಡಿಕಲ್ ಶಾಪಿನಿಂದ ತಾವೇ ಮಾತ್ರೆ ತಂದು ನುಂಗುವುದು ಬೇಡ, ರಕ್ತ ಹೆಪ್ಪುಗಟ್ಟದ ಮಾತ್ರೆಯ ಜೊತೆ ಅದು ಸೇರಿದರೆ ರಕ್ತಸ್ರಾವ ಆಗಬಹುದು. ಎಂದಾದರೂ ಬಾಯಿ ಸೊಟ್ಟಗಾಗಿ, ಒಂದು ಕೈ ಬಿದ್ದುಹೋಗಿ, ಮಾತು ತೊದಲಿದರೆ ತಕ್ಷಣ 108ಕ್ಕೆ ಫೋನ್ ಮಾಡಿ. ಯಾವ ಮಾತ್ರೆ, ಕೊನೆಯ ಸಲ ಎಷ್ಟು ಗಂಟೆಗೆ ತಗೊಂಡರು ಅನ್ನುವುದನ್ನು ಡಾಕ್ಟರಿಗೆ ಮೊದಲು ಹೇಳಿ.