ಕನ್ನಡದಲ್ಲಿ ಕೇಳಿದರೆ ಲೆಕ್ಕ ದುಪ್ಪಟ್ಟಾಗುವುದೇಕೆ?

ಪ್ರಶ್ನೆ: ನಮ್ಮದು ಮೆಣಸಿನಕಾಯಿ ದಲಾಲಿ ಅಂಗಡಿ. ಲೆಕ್ಕವೆಲ್ಲ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್‌ನಲ್ಲಿದೆ. ಕನ್ನಡದಲ್ಲಿ ಕೇಳಿದರೆ ಎಸ್‌ಕ್ಯೂಎಲ್ (ಡೇಟಾಬೇಸನ್ನು ಪ್ರಶ್ನಿಸುವ ಭಾಷೆ) ಬರೆದು ಉತ್ತರ ಕೊಡುವ ಎಐ ಜೋಡಿಸಿದ್ದೇವೆ. ‘ಈ ವರ್ಷ ಡಬ್ಬಿ ಆವಕ ಎಷ್ಟು?’ ಎಂದು ಡಬ್ಬಿ ತಳಿಯ ಬಗ್ಗೆ ಕೇಳಿದರೆ ಒಮ್ಮೆ ಸೊನ್ನೆ ಬರುತ್ತದೆ, ಒಮ್ಮೆ ದುಪ್ಪಟ್ಟು. ಏನು ಮಾಡಬೇಕು?
– ಓದುಗರು, ಬ್ಯಾಡಗಿ

ಉತ್ತರ: ಸೊನ್ನೆಯ ಕಾರಣ ಸರಳ. ತಳಿಯ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲೋ ಕೋಡ್‌ನಲ್ಲೋ ತುಂಬಿರುತ್ತೀರಿ. ಎಐ ಕನ್ನಡದ ‘ಡಬ್ಬಿ’ಯನ್ನು ಹುಡುಕುತ್ತದೆ. ಕಡ್ಡಿ, ಡಬ್ಬಿ, ಗುಂಟೂರು ಹೀಗೆ ಪ್ರತಿ ತಳಿಗೂ ಬಳಕೆಯಲ್ಲಿರುವ ಎಲ್ಲ ಕಾಗುಣಿತಗಳ ಒಂದು ಟೇಬಲ್ ಮಾಡಿ, ಅದನ್ನು ಎಐಗೆ ಕೊಡುವ ಸೂಚನೆಯಲ್ಲಿ ಸೇರಿಸಿ.

ದುಪ್ಪಟ್ಟು ಹೆಚ್ಚು ಅಪಾಯಕಾರಿ, ಏಕೆಂದರೆ ಅಂಕಿ ನಂಬುವ ಹಾಗೆಯೇ ಕಾಣುತ್ತದೆ. 20 ಕ್ವಿಂಟಲ್‌ನ ಒಂದು ಲಾಟಿಗೆ ರೈತರಿಗೆ ಎರಡು ಕಂತಿನಲ್ಲಿ ಹಣ ಕೊಟ್ಟಿದ್ದರೆ, ಲಾಟ್ ಮತ್ತು ಪಾವತಿ ಟೇಬಲ್‌ಗಳನ್ನು ಜಾಯಿನ್ ಮಾಡಿದಾಗ (ಸಾಲಿಗೆ ಸಾಲು ಹೊಂದಿಸಿ ಜೋಡಿಸಿದಾಗ) ಆ ಲಾಟ್ ಎರಡು ಸಾಲಾಗುತ್ತದೆ. ಮೊತ್ತ 40 ಆಗುತ್ತದೆ. ತೂಕಕ್ಕೆ ‘ಡಿಸ್ಟಿಂಕ್ಟ್’ (ಒಂದೇ ಬೆಲೆ ಮತ್ತೆ ಬಂದರೆ ಒಮ್ಮೆ ಮಾತ್ರ ಎಣಿಸುವ ಆದೇಶ) ಹಾಕಿ ಸರಿಪಡಿಸಲು ಹೋಗಬೇಡಿ: ಒಂದೇ ತೂಕದ ಎರಡು ಬೇರೆ ಲಾಟ್‌ಗಳಿದ್ದರೆ ಒಂದು ಮಾಯವಾಗುತ್ತದೆ. ಪಾವತಿಯನ್ನು ಮೊದಲು ಲಾಟ್‌ವಾರು ಕೂಡಿಸಿ, ಲಾಟಿಗೊಂದೇ ಸಾಲು ಇರುವ ವ್ಯೂ (ಟೇಬಲ್‌ನಂತೆಯೇ ಓದಬಹುದಾದ, ಉಳಿಸಿಟ್ಟ ಪ್ರಶ್ನೆ) ಕಟ್ಟಿ. ಎಐ ಮೂಲ ಟೇಬಲ್ ಮುಟ್ಟದೆ ಆ ವ್ಯೂ ಅನ್ನೇ ಓದಲಿ.

‘ಈ ವರ್ಷ’ವೂ ತೊಡಕೇ. ಎಐ ಜನವರಿ 1ರಿಂದ ಎಣಿಸಬಹುದು, ನಿಮ್ಮ ಖಾತೆ ಏಪ್ರಿಲ್ 1ರಿಂದ, ಹಂಗಾಮು ಇವೆರಡಕ್ಕೂ ಹೊಂದುವುದಿಲ್ಲ. ಯಾವುದೆಂದು ನೀವೇ ನಿರ್ಧರಿಸಿ, ತೂಕ ಕಿಲೋದಲ್ಲೋ ಕ್ವಿಂಟಲ್‌ನಲ್ಲೋ ಎಂಬುದನ್ನೂ ಸೇರಿಸಿ, ಕಾಲಂಗಳ ಕಾಮೆಂಟ್‌ನಲ್ಲಿ ಬರೆದು ಅದನ್ನೂ ಎಐಗೆ ಕಳಿಸಿ. ಕೈಲೆಕ್ಕದಲ್ಲಿ ಉತ್ತರ ಗೊತ್ತಿರುವ 30 ಪ್ರಶ್ನೆಗಳನ್ನು ಇಟ್ಟುಕೊಂಡು, ಏನೇ ಬದಲಿಸಿದರೂ ಎಲ್ಲವನ್ನೂ ಮತ್ತೆ ಕೇಳಿ ನೋಡಿ. ಉತ್ತರದ ಕೆಳಗೆ ಎಸ್‌ಕ್ಯೂಎಲ್ ಕಾಣುವಂತಿರಲಿ.

ಪ್ರಶ್ನೆ: ‘ಏನನ್ನೂ ಅಳಿಸಬೇಡ’ ಎಂದು ಎಐಗೆ ಹೇಳಿದರೆ ಸಾಕಲ್ಲವೇ?
– ಓದುಗರು, ಗದಗ

ಉತ್ತರ: ಖಂಡಿತ ಸಾಲದು. ಸೂಚನೆಯನ್ನು ಎಐ ಮೀರಬಹುದು, ಡೇಟಾಬೇಸಿನ ಅನುಮತಿಯನ್ನು ಮೀರಲಾಗದು. ಎಐಗೆಂದೇ ಡೇಟಾಬೇಸಿನಲ್ಲಿ ಬೇರೆ ಬಳಕೆದಾರ ಖಾತೆ ತೆರೆದು, ವ್ಯೂಗಳ ಮೇಲೆ ‘ಸೆಲೆಕ್ಟ್’ (ಓದುವ) ಹಕ್ಕು ಮಾತ್ರ ಕೊಡಿ. ಪೋಸ್ಟ್‌ಗ್ರೆಸ್‌ನಲ್ಲಿ ವ್ಯೂ ಸಾಮಾನ್ಯವಾಗಿ ಅದರ ಮಾಲೀಕರ ಹಕ್ಕಿನಲ್ಲಿ ಓಡುವುದರಿಂದ ಮೂಲ ಟೇಬಲ್‌ಗಳ ಅನುಮತಿ ಬೇಕಾಗುವುದಿಲ್ಲ. ರೈತರ ಫೋನ್, ಬ್ಯಾಂಕ್ ಖಾತೆಯ ಕಾಲಂಗಳನ್ನು ವ್ಯೂಗೆ ಸೇರಿಸಲೇಬೇಡಿ. ಸ್ಟೇಟ್‌ಮೆಂಟ್ ಟೈಮ್‌ಔಟ್ (ಒಂದು ಎಸ್‌ಕ್ಯೂಎಲ್ ಎಷ್ಟು ಹೊತ್ತು ಓಡಬಹುದೆಂಬ ಮಿತಿ) 10 ಸೆಕೆಂಡಿಗೆ ಇಟ್ಟರೆ, ಷರತ್ತು ತಪ್ಪಿದ ಒಂದು ಜಾಯಿನ್‌ನಿಂದ ಬಿಲ್ಲಿಂಗ್ ನಿಂತುಹೋಗುವುದೂ ತಪ್ಪುತ್ತದೆ.